ಚೌರಪ್ಪನವರ ಮೂರನೆಯ ಭಾಗ

ಕಲ್ಲು ಸಿಡಿದದ್ದು ಬೆಳಿಗ್ಗೆ ಹನ್ನೊಂದೂ ಕಾಲಿಗೆ. ಪ್ರಯೋಗಶಾಲೆಯ ನಡುವೆ ಒತ್ತುಯಂತ್ರದ ಉಕ್ಕಿನ ದವಡೆಗಳು ಒಂದು ಅಡಿ ಚೌಕದ ಕರೀಕಲ್ಲಿನ ದಿಮ್ಮಿಯನ್ನು ನಾಲ್ಕೂ ಕಡೆಯಿಂದ ಹಿಂಡುತ್ತಿದ್ದವು. ದಿಮ್ಮಿಯ ನೆತ್ತಿಯ ಮೇಲೆ ಪುಟ್ಟ ಸುತ್ತಿಗೆಯೊಂದು ಲಯಬದ್ಧವಾಗಿ ಬಡಿಯುತ್ತಿತ್ತು. ಸಹಾಯಕ ಖಾಸಿಂ ಗುಂಡಿ ಒತ್ತಿ ಆ ಬಡಿತವನ್ನು ಅರ್ಧಕ್ಕೆ ನಿಲ್ಲಿಸಿದ. ಮೂರು ಸೆಕೆಂಡು ಏನೂ ಆಗಲಿಲ್ಲ. ನಾಲ್ಕನೆಯದಕ್ಕೆ ಫಿರಂಗಿ ಹಾರಿದಂತೆ ಸದ್ದಾಗಿ, ಎರಡಂಗುಲ ದಪ್ಪದ ಗಾಜು ಬಲೆಬಲೆಯಾಗಿ ಬಿರಿಯಿತು. ಗಾಜಿನ ಅಂಚಿನ ಸಂದಿಯಿಂದ ನುಗ್ಗಿದ ಒಂದು ಚೂರು ಖಾಸಿಮನ ಎಡಗಿವಿಯ ಹಾಲೆಯನ್ನು ಕತ್ತರಿಸಿಕೊಂಡು ಹೋಗಿ ಹಿಂದಿನ ಗೋಡೆಗೆ ನಾಟಿತು.

ಪ್ರಯೋಗ ನಡೆಸುತ್ತಿದ್ದ ಅಮಲಾ ತನ್ನ ದುಪಟ್ಟಾವನ್ನು ಮುದ್ದೆ ಮಾಡಿ ಅವನ ಕಿವಿಗೆ ಒತ್ತಿ ಹಿಡಿದಳು. ರಕ್ತ ಅವಳ ಮೊಣಕೈವರೆಗೂ ಇಳಿಯಿತು.

"ಅರ್ಧಕ್ಕೆ ನಿಲ್ಲಿಸಿದ್ದು ಇದು ಮೂರನೇ ಕಲ್ಲು ಮೇಡಂ," ಎಂದ ಖಾಸಿಂ, ಹಲ್ಲು ಕಚ್ಚಿಕೊಂಡು. "ಮೂರೂ ಸಿಡಿದವು."

"ಮಾತಾಡಬೇಡ. ಗಾಡಿ ಬರ್ತಿದೆ."

"ಪೂರ್ತಿ ಬಡಿದದ್ದು ಆರು. ಐದು ತುಸು ಕುಗ್ಗಿ ತಣ್ಣಗೆ ಕೂತವು. ಒಂದು ಸಿಡಿಯಿತು. ಮೊದಲು ಬರೆದುಕೊಳ್ಳಿ ಮೇಡಂ."

ಅವಳು ಬರೆದುಕೊಂಡಳು. ಆರರಲ್ಲಿ ಐದು. ಒಂದು ಊರನ್ನು ಪಣಕ್ಕಿಡಲು ಅದು ಸಾಕೇ ಎಂಬುದನ್ನು ಯಾವ ಪುಸ್ತಕವೂ ಹೇಳಿರಲಿಲ್ಲ.

ಹೊನ್ನಗುಂಡಿಯ ಜನಕ್ಕೆ ನೆಲ ನಡುಗುವುದು ಹೊಸದಲ್ಲ. ನೂರು ವರ್ಷ ಚಿನ್ನ ತೋಡಿ ಕೈಬಿಟ್ಟ ಊರು ಅದು. ಬೀದಿಗಳ ಕೆಳಗೆ ಮೂರು ಕಿಲೋಮೀಟರು ಆಳದವರೆಗೆ ಗೆದ್ದಲು ತಿಂದ ತೊಲೆಯಂತೆ ಪೊಳ್ಳು. ಗಣಿ ಮುಚ್ಚಿ, ಪಂಪುಗಳು ನಿಂತು, ಸುರಂಗಗಳಲ್ಲಿ ನೀರು ತುಂಬಿದ ಮೇಲೆ ಒಳಗಿನ ಬಂಡೆ ತನ್ನ ಭಾರಕ್ಕೆ ತಾನೇ ಮುರಿಯತೊಡಗಿತ್ತು. ಕೆಳಗಿನಿಂದ ಹೋರಿ ಹಾಯ್ದಂತೆ ಬರುವ ಆ ಏಟಿಗೆ ಊರವರು 'ಗುಮ್ಮು' ಎನ್ನುತ್ತಿದ್ದರು. ಅವರು ಬೀರುಗಳನ್ನು ಗೋಡೆಗೆ ಬಿಗಿದಿದ್ದರು, ಗಾಜಿನ ಲೋಟ ಕೊಳ್ಳುವುದನ್ನೇ ಬಿಟ್ಟಿದ್ದರು. ಹೆಣ್ಣು ನೋಡಲು ಬಂದವರು ಕಾಫಿಗಿಂತ ಮೊದಲು ಮನೆಗೆ ಕಬ್ಬಿಣದ ಚೌಕಟ್ಟು ಹಾಕಿಸಿದ್ದೀರಾ ಎಂದು ಕೇಳುತ್ತಿದ್ದರು.

ಆದರೆ ಈ ವರ್ಷದ ಮಾತು ಬೇರೆ. ಊರಿನ ನಡುಭಾಗವನ್ನು ಹೊತ್ತು ನಿಂತಿದ್ದ ಏಳನೇ ಕಂಬ, ಅಂದರೆ ಗಣಿಯವರು ತೋಡದೆ ಬಿಟ್ಟಿದ್ದ ಬಂಡೆಯ ಗೋಡೆ, ಬಿರುಕು ಬಿಡುತ್ತಿತ್ತು. ಆರು ವಾರದೊಳಗೆ ಅದು ಒಂದೇ ಏಟಿಗೆ ಒಡೆಯುತ್ತದೆ, ಅರ್ಧ ಊರು ಕುಸಿಯುತ್ತದೆ ಎಂದು ಅಮಲಾಳ ಸಂಸ್ಥೆಯ ಉಪಕರಣಗಳು ಹೇಳಿದವು. ಇರುವ ಉಪಾಯ ಒಂದೇ. ಸೇರಿಗೆ ಅಕ್ಕಿ ಸುರಿದು ಮೆಲ್ಲಗೆ ತಟ್ಟಿದರೆ ಕಾಳು ತಾವಾಗಿ ಒತ್ತೊತ್ತಾಗಿ ಕೂರುತ್ತವಲ್ಲ, ಹಾಗೆ ಬಂಡೆಯನ್ನು ತಟ್ಟಿ ತಟ್ಟಿ ಒಳಗಿನ ಬಿಗಿತವನ್ನು ಸ್ವಲ್ಪಸ್ವಲ್ಪವಾಗಿ ಇಳಿಸುವುದು. ಅದಕ್ಕಾಗಿ ಹಳೆಯ ಹನ್ನೆರಡು ಗಣಿಬಾವಿಗಳ ತಳಕ್ಕೆ ಉಕ್ಕಿನ ದೊಡ್ಡ ಸುತ್ತಿಗೆಗಳನ್ನು ಇಳಿಸಿಯೂ ಆಗಿತ್ತು. ಆದರೆ ಯಾವ ಲಯದಲ್ಲಿ ತಟ್ಟಬೇಕು? ಕಂಪ್ಯೂಟರು ಹೆಣೆದುಕೊಟ್ಟ ಸಾವಿರಾರು ಲಯಗಳಿಗೆ ಬಂಡೆ ಕಿವುಡಾಗಿತ್ತು.

ಅದು ಓಗೊಟ್ಟದ್ದು ಒಂದೇ ಒಂದು ಲಯಕ್ಕೆ. ಆ ಲಯ ಅಮಲಾಳ ಮುತ್ತಾತ ಚೌರಪ್ಪನವರು ಬರೆದು, ತಾವೇ ಕೆಂಪು ಮಸಿಯಲ್ಲಿ ಹೊಡೆದುಹಾಕಿದ್ದ ಹದಿನೇಳು ಪುಟಗಳಲ್ಲಿತ್ತು.

ಚೌರಪ್ಪ ಗಣಿಯ ಕಂಪನಮಾಪಕದ ಗುಮಾಸ್ತ, ಸಂಜೆ ಗಣಿ ಬ್ಯಾಂಡಿನ ಮೇಷ್ಟ್ರು. ಹಗಲೆಲ್ಲ ಮಸಿ ಹಿಡಿಸಿದ ಕಾಗದದ ಮೇಲೆ ಸೂಜಿ ಗೀಚುವ ಗೆರೆ ನೋಡುವುದು, ಸಂಜೆ ಸ್ವರ ಬರೆಯುವುದು. ಗಣಿಗೆ ಐವತ್ತು ತುಂಬಿದಾಗ ಅವರು ನಾಲ್ಕು ಭಾಗಗಳ ಒಂದು ಸಿಂಫನಿ ಬರೆದರು. ಮೂರನೆಯ ಭಾಗದಲ್ಲಿ ರಾಗಕ್ಕಿಂತ ಬಡಿತವೇ ಹೆಚ್ಚು. ಬಂಡೆಯೊಳಗಿನ ಟಿಕ್ಕುಗಳನ್ನು ಹನ್ನೆರಡು ವರ್ಷ ನೋಡಿ ನೋಡಿ ಅವರ ಮೈಗೆ ಹತ್ತಿದ್ದ ಲಯವನ್ನೇ ಅವರು ಅಲ್ಲಿ ತಮಟೆಗೂ ತುತ್ತೂರಿಗೂ ಹಂಚಿದ್ದರು. ಹಬ್ಬದ ದಿನ ಬ್ಯಾಂಡು ಅದನ್ನು ನುಡಿಸಿದ್ದು ನೆಲದಡಿಯಲ್ಲಿ, ಎಂಬತ್ತೆರಡನೇ ಮಟ್ಟದ ದೊಡ್ಡ ಪೊಟರೆಯಲ್ಲಿ. ಮೂರನೆಯ ಭಾಗದ ನಡುವೆ ಬಂಡೆ ಸಿಡಿದು ಮೂವತ್ತೊಂದು ಜನ ಸತ್ತರು. ಬದುಕಿ ಬಂದ ಚೌರಪ್ಪ ಆ ಪುಟಗಳ ತಲೆಯ ಮೇಲೆ 'ಇದನ್ನು ಯಾರೂ ನುಡಿಸಕೂಡದು' ಎಂದು ಬರೆದಿಟ್ಟರು. ಆಮೇಲೆ ಅವರು ಸಾಯುವವರೆಗೂ ಬ್ಯಾಂಡಿನ ಕಡೆ ತಿರುಗಿ ನೋಡಲಿಲ್ಲ.

ಒಂದು ಬ್ಯಾಂಡಿನ ಸದ್ದಿಗೆ ಬಂಡೆ ಒಡೆಯುತ್ತದೆಯೇ? ಒಡೆಯುವುದಿಲ್ಲ. ಆದರೆ ಒಡೆಯಲೆಂದೇ ಕಾದು ಕೂತ ಬಂಡೆಗೆ ಒಂದು ಕೆಮ್ಮೂ ಸಾಕು.

ಆ ಮಧ್ಯಾಹ್ನ ಅಮಲಾ ಮನೆಗೆ ಬಂದಾಗ ಅವಳ ಅಣ್ಣ ಲಾರೆನ್ಸ್ ಊಟಕ್ಕೆ ಕೂತಿದ್ದ. ವೆಲ್ಡಿಂಗ್ ಕೆಲಸದವನು, ಊರಿನ ಅರ್ಧ ಮನೆಗಳ ಕಬ್ಬಿಣದ ಚೌಕಟ್ಟು ಅವನೇ ಬೆಸೆದದ್ದು. ನಿವಾಸಿಗಳ ಸಮಿತಿಗೆ ಅವನೇ ಮುಖಂಡ. ಅವಳ ತೋಳಿನ ರಕ್ತ ನೋಡಿ ಅವನು ಎದ್ದು ನಿಂತ.

"ನಂದಲ್ಲ. ಖಾಸಿಮಂದು."

"ಆ ಕಾಗದ ಸುಟ್ಟುಬಿಡು ಅಂತ ನಾನು ಅವತ್ತೇ ಹೇಳಿದ್ದೆ."

"ಅಣ್ಣ, ಅದೊಂದಕ್ಕೇ ಬಂಡೆ ಓಗೊಡೋದು."

"ಮೂವತ್ತೊಂದು ಜನಕ್ಕೂ ಓಗೊಟ್ಟಿತ್ತು." ಲಾರೆನ್ಸ್ ತಟ್ಟೆಯನ್ನು ದೂಡಿದ. "ನಿಂಗೇನು ಗೊತ್ತು, ನೀನು ಹಾಸ್ಟೆಲಲ್ಲಿ ಬೆಳೆದೋಳು. ಅಪ್ಪನ್ನ ಇದೇ ಬಾಗಿಲಲ್ಲಿ ಕಲ್ಲಲ್ಲಿ ಹೊಡೆದ್ರು. ಯಾವುದೋ ಗುಮ್ಮಿಗೆ ಯಾರೋ ಸತ್ತಿದ್ದಕ್ಕೆ. 'ಕೊಲೆಗಾರ ಬ್ಯಾಂಡಿನ ವಂಶ' ಅಂತ. ಅಪ್ಪನ ಹಣೆ ಹೊಲಿಯೋವಾಗ ತಲೆ ಹಿಡ್ಕೊಂಡಿದ್ದು ನಾನು. ನಂಗಾಗ ಒಂಬತ್ತು ವರ್ಷ."

 ಅಮಲಾ ಕೈ ತೊಳೆದು, ಊಟ ಮಾಡದೆ ಪಾಪಣ್ಣನ ಮನೆಗೆ ಹೊರಟಳು.

ಪಾಪಣ್ಣನಿಗೆ ತೊಂಬತ್ತೈದು. ಗಣಿ ಬ್ಯಾಂಡಿನಲ್ಲಿ ಉಳಿದಿದ್ದವನು ಅವನೊಬ್ಬನೇ. ಎಡಗೈ ಭುಜದಿಂದಲೇ ಇಲ್ಲ. ಅಂಗಳದ ಹಗ್ಗದ ಮಂಚದ ಮೇಲೆ ಕೂತು ಬಿಸಿಲು ಕಾಯಿಸುತ್ತಿದ್ದ.

"ತಾತ, ಅವತ್ತು ಬ್ಯಾಂಡು ಪೂರ್ತಿ ಬಾರಿಸಿದ್ರಾ?" ಎಂದು ಅಮಲಾ ಕೇಳಿದಳು.

"ಎಲ್ಲಮ್ಮ! ಒಂಬತ್ತನೇ ಪುಟಕ್ಕೆ ಬಂದಿದ್ವಿ. ಬಂಡೆ ಟಿಕ್ ಟಿಕ್ ಅನ್ನೋಕೆ ಶುರು ಮಾಡ್ತು. ನಾವು ಬಾರಿಸೋ ತಾಳಕ್ಕೇ ಅದೂ ಹಾಕ್ತಿತ್ತು. ಸತ್ಯ ಹೇಳ್ತೀನಿ, ನಂಗೆ ಭಯ ಆಗ್ಲಿಲ್ಲ, ಖುಷಿ ಆಯ್ತು. ಇನ್ನೊಬ್ಬ ಡ್ರಮ್ಮಿನೋನು ಜೊತೆಗೆ ಸಿಕ್ಕಂಗೆ."

"ಆಮೇಲೆ?"

"ಮೇಲಿಂದ ಧೂಳು ಉದುರ್ತು. ಒಂದು ಕಲ್ಲು ಕ್ಲಾರಿನೆಟ್ ಊದೋ ಸೂಸೈ ಹೆಗಲಿಗೆ ಬಿತ್ತು. ಚೌರಪ್ಪ ಮೇಷ್ಟ್ರು ಕೈ ಎತ್ತಿ ನಿಲ್ಸಿಬಿಟ್ರು. ಎಲ್ರೂ ನಿಲ್ಸಿದ್ವಿ. ಬಂಡೆ ಮಾತ್ರ ನಿಲ್ಸಲಿಲ್ಲ ಕಣಮ್ಮ. ಒಂದಷ್ಟು ಹೊತ್ತು ಒಂಟಿಯಾಗಿ ಟಿಕ್ ಟಿಕ್ ಅಂತಿತ್ತು, ನಮ್ಮನ್ನ ಕಾಯ್ದಂಗೆ. ಆಮೇಲೆ ಹೊಡೀತು." ಪಾಪಣ್ಣ ಎಡಭುಜ ಸವರಿಕೊಂಡು ಹೇಳಿದ: "ದೀಪ ತಂದಾಗ ನೋಡ್ದೆ. ಸೂಸೈ ಬಾಯಿಗೆ ಹೊಕ್ಕಿದ್ದ ಕ್ಲಾರಿನೆಟ್ಟು ಕತ್ತಿನ ಹಿಂದಿಂದ ಬಂದಿತ್ತು. ನನ್ನ ಕೈ ಡ್ರಮ್ಮಿನ ಮೇಲಿತ್ತು, ನಾನು ಡ್ರಮ್ಮಿನ ಹತ್ರ ಇರ್ಲಿಲ್ಲ."

 ಬೆಳಿಗ್ಗೆ ಸಿಡಿದ ಕಲ್ಲಿನ ಮೂರು ಸೆಕೆಂಡಿನ ಮೌನ ಅಮಲಾಳಿಗೆ ನೆನಪಾಯಿತು. ಮೂವತ್ತೊಂದು ಜನರನ್ನು ಕೊಂದದ್ದು ಸಂಗೀತವಲ್ಲ, ಅದನ್ನು ತಡೆದ ಕೈ. ಅದೂ ಕರುಣೆಯಿಂದ ಮೇಲೆದ್ದ ಕೈ. ಆ ಲಯ ಶುರುವಾದ ಮೇಲೆ ಬಂಡೆ ತನ್ನ ಹಳೆಯ ಹಿಡಿತಗಳನ್ನು ಒಂದೊಂದಾಗಿ ಬಿಡುತ್ತ ಹೋಗುತ್ತದೆ. ಉಳಿದ ಪುಟಗಳಲ್ಲಿ ಹೊಸ ಹಿಡಿತ ಕಂಡುಕೊಳ್ಳುತ್ತದೆ. ನಡುವೆ ಕೈಬಿಟ್ಟರೆ ಅದಕ್ಕೆ ಹಿಂದೂ ಇಲ್ಲ, ಮುಂದೂ ಇಲ್ಲ.

"ಅದನ್ನ ನುಡಿಸ್ತೀರಂತೆ?" ಎಂದ ಪಾಪಣ್ಣ.

"ಒಪ್ಪಿಗೆ ಸಿಕ್ಕರೆ, ತಾತ."

"ಕಡೇತನಕ ಹೆಂಗಿದೆ ಅಂತ ನಂಗೂ ಗೊತ್ತಿಲ್ಲ. ತಾಲೀಮಿನಲ್ಲಿ ಬರೀ ನನ್ನ ಪಾಲಿನ ಡ್ರಮ್ಮು ಕೇಳಿದ್ದೇ ಆಯ್ತು. ಈ ಸಲ ಕೇಳ್ಬೇಕು."

ಒಪ್ಪಿಗೆಯ ಸಭೆ ಸೇರಿದ್ದು ಶಾಲೆಯ ಮೈದಾನದಲ್ಲಿ. ಜಿಲ್ಲಾಧಿಕಾರಿ ನಿವೇದಿತಾ ಶಾಂತವಾಗಿಯೇ ಆರಂಭಿಸಿದರು. ಅಮಲಾ ಸೇರು, ಅಕ್ಕಿಯ ಹೋಲಿಕೆ ಕೊಟ್ಟು ವಿವರಿಸಿದಳು. ತಟ್ಟುವಾಗ ಊರು ಹತ್ತೊಂಬತ್ತು ನಿಮಿಷ ಅಲುಗುತ್ತದೆ, ಕೆಲವು ಮನೆಗಳು ಬೀಳಬಹುದು, ಎಲ್ಲರೂ ಶಿಬಿರಕ್ಕೆ ಹೋಗಲೇಬೇಕು ಎಂದಳು. "ಆರಕ್ಕೆ ಐದು" ಎಂಬ ಮಾತು ಅವಳ ಬಾಯಿಂದ ಬಂದದ್ದೇ ತಡ, ಹಿಂದಿನಿಂದ ಯಾರೋ "ಆ ಆರನೇದು ನಿಮ್ಮಪ್ಪನ ಮನೆಯಾ?" ಎಂದು ಕೂಗಿದರು. ಕುರ್ಚಿಗಳು ಹಾರಿದವು. ನುಡಿಸಿ ಎನ್ನುವವರೂ ಬೇಡ ಎನ್ನುವವರೂ ಒಬ್ಬರ ಮೇಲೊಬ್ಬರು ಬಿದ್ದರು. ಅಕ್ಕಪಕ್ಕದ ಮನೆಯವರು, ಒಂದೇ ನಲ್ಲಿಯಲ್ಲಿ ನೀರು ಹಿಡಿಯುವವರು, ಕುರ್ಚಿಗಳ ಕಬ್ಬಿಣದ ಕಾಲುಗಳಿಂದ ಬಡಿದಾಡಿದರು. ಹೂ ಮಾರುವ ಚಂದ್ರಕ್ಕ ತನ್ನ ಸ್ವಂತ ಭಾವನ ಕಣ್ಣಿಗೆ ಕೊಡೆಯ ತುದಿ ಇರಿದಳು. ಪೊಲೀಸರು ಲಾಠಿ ಬೀಸಿದ ಮೇಲೆ ಮೈದಾನದಲ್ಲಿ ಚಪ್ಪಲಿಗಳೂ ರಕ್ತದ ಕಲೆಗಳೂ ಉಳಿದವು.

ಮರುದಿನ ಚೌರಪ್ಪನವರ ಸಮಾಧಿಯನ್ನು ಯಾರೋ ಹಾರೆಯಿಂದ ಒಡೆದಿದ್ದರು. ಶಿಲುಬೆಯನ್ನು ಕಿತ್ತು ಸಾರಾಯಿ ಅಂಗಡಿಯ ಮುಂದೆ ಎಸೆದಿದ್ದರು. ಲಾರೆನ್ಸ್ ಅದನ್ನು ಹೆಗಲ ಮೇಲೆ ಹೊತ್ತು ತರುವಾಗ ನಾಲ್ವರು ಅಡ್ಡಗಟ್ಟಿದರು. ಅವನು ಒಬ್ಬನ ದವಡೆ ಮುರಿದ. ಅವರು ಅವನ ಎರಡು ಹಲ್ಲು ಉದುರಿಸಿದರು. ಬಾಯಿಗೆ ಬಟ್ಟೆ ಒತ್ತಿಕೊಂಡೇ ಅವನು ಜಿಲ್ಲಾಧಿಕಾರಿಗಳ ಮುಂದೆ ಹೋಗಿ ನಿಂತ.

"ನುಡಿಸಿ. ಇಲ್ಲದಿದ್ದರೆ ಈ ಊರು ಕುಸಿಯೋಕೆ ಮೊದಲೇ ಹೊಡೆದಾಡಿ ಸಾಯುತ್ತೆ. ಆದರೆ ನಿಲ್ಲಿಸೋ ಹಿಡಿಕೆ ಒಂದು ಇರಬೇಕು. ಅದು ಊರಿನವರ ಕೈಯಲ್ಲಿರಬೇಕು. ನನ್ನ ಕೈಯಲ್ಲಿ."

"ಹಿಡಿಕೆ ಇರಲೇಕೂಡದು," ಎಂದಳು ಅಮಲಾ. "ಮೇಡಂ, ನಿಲ್ಲಿಸೋದೇ ಅಪಾಯ. ಶುರುಮಾಡಿದ ಮೇಲೆ—"

"ನಿಮ್ಮ ಒಂದು ಕಲ್ಲು ಪೂರ್ತಿ ತಟ್ಟಿದರೂ ಸಿಡಿದಿದೆ," ಎಂದರು ನಿವೇದಿತಾ. "ತಡೆಯುವ ದಾರಿಯಿಲ್ಲದ ಯಂತ್ರಕ್ಕೆ ನಾನು ಸಹಿ ಹಾಕಲಾರೆ. ಹಿಡಿಕೆ ಇರುತ್ತದೆ."

ಹಿಡಿಕೆ ಇಟ್ಟರು. ಕೆಂಪು ಬಣ್ಣ ಬಳಿದರು. ಅದನ್ನು ಗೋಡೆಗೆ ಬೆಸೆದವನೂ ಲಾರೆನ್ಸೇ.

ಊರಿನ ಜನರಲ್ಲಿ ಬಹುಪಾಲು ಶಿಬಿರಗಳಿಗೆ ಹೋದರು. ಕೆಲವರು ಹೋಗಲಿಲ್ಲ, ಕೆಲವರು ಹೋಗಿ ಕಳ್ಳದಾರಿಯಲ್ಲಿ ವಾಪಸು ಬಂದರು. ನಾಯಿಗೆ ಅನ್ನ ಹಾಕಲು, ಹೊಲಿಗೆ ಯಂತ್ರ ತರಲು, ಸುಮ್ಮನೆ ಮನೆ ನೋಡಲು. ಎಷ್ಟು ಜನ ಎಂಬುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಹತ್ತಕ್ಕೆ, ಊರಾಚೆಯ ಗಟ್ಟಿ ಬಂಡೆಯ ಮೇಲಿನ ನಿಯಂತ್ರಣ ಕೊಠಡಿಯಲ್ಲಿ, ಕಿವಿಗೆ ಪಟ್ಟಿ ಕಟ್ಟಿಕೊಂಡ ಖಾಸಿಂ ಮೊದಲ ಗುಂಡಿ ಒತ್ತಿದ. ಹನ್ನೆರಡು ಸುತ್ತಿಗೆಗಳು ನೆಲದಡಿಯಲ್ಲಿ ಚೌರಪ್ಪನವರ ಮೂರನೆಯ ಭಾಗವನ್ನು ಆರಂಭಿಸಿದವು. ಕಿವಿಗೆ ಏನೂ ಕೇಳಲಿಲ್ಲ. ಪಾದದ ಅಡಿಯಲ್ಲಿ, ಹಲ್ಲುಗಳ ಬೇರಿನಲ್ಲಿ ಏನೋ ನಡೆಯುತ್ತಿತ್ತು. ಅಮಲಾಳ ಮುಂದೆ ಮುತ್ತಾತನ ಪುಟಗಳಿದ್ದವು. ಅವಳು ಬೆರಳಿಟ್ಟು ಸಾಲುಸಾಲಾಗಿ ಅನುಸರಿಸುತ್ತಿದ್ದಳು. ಎಂಟನೆಯ ಪುಟದ ಕೊನೆಗೆ ಬಂಡೆ ಟಿಕ್ಕೆಂದಿತು. ಒಂಬತ್ತನೆಯದರಲ್ಲಿ ಅದು ತಾಳ ಹಿಡಿಯಿತು.

"ಬಂತು," ಎಂದ ಖಾಸಿಂ, ಮಗುವಿನಂತೆ.

ಹತ್ತನೆಯ ಪುಟಕ್ಕೆ ಊರು ಕುಣಿಯತೊಡಗಿತು. ಗೋಡೆಯ ತೆರೆಗಳಲ್ಲಿ ಬೀದಿಗಳ ಚಿತ್ರ ಮೂಡುತ್ತಿತ್ತು. ಮಾರುಕಟ್ಟೆ ರಸ್ತೆಯ ಹೆಂಚುಗಳು ಹಿಂಡುಹಿಂಡಾಗಿ ಜಾರಿದವು. ನೀರಿನ ಟ್ಯಾಂಕು ಮೊಣಕಾಲೂರಿದಂತೆ ಕುಸಿದು ಪಕ್ಕದ ಮೂರು ಮನೆಗಳನ್ನು ಕೊಚ್ಚಿಕೊಂಡು ಹೋಯಿತು. ಖಾಲಿ ಎಂದುಕೊಂಡಿದ್ದ ಬೀದಿಗಳಲ್ಲಿ ಜನ ಓಡುತ್ತಿದ್ದರು. ಒಬ್ಬ ಗಂಡಸು ಬಾಗಿಲಿನಿಂದ ಹೊರಬಂದ ಗಳಿಗೆಯಲ್ಲೇ ಮೇಲಿನ ಸಜ್ಜ ಅವನ ತಲೆಯ ಮೇಲೆ ಬಿತ್ತು. ಕಾಲುಗಳು ಮಾತ್ರ ಹೊರಗೆ ಉಳಿದು, ಸ್ವಲ್ಪ ಹೊತ್ತು ಒದ್ದಾಡಿ, ನಿಂತವು. ಒಬ್ಬಾಕೆ ಗೋಡೆಯ ಕೆಳಗಿನಿಂದ ಯಾರನ್ನೋ ಕೈ ಹಿಡಿದು ಎಳೆಯುತ್ತಿದ್ದಳು. ಎರಡನೆಯ ಗೋಡೆ ಅವಳ ಮೇಲೂ ಬಿತ್ತು.

ಮಾಪಕದ ಮುಳ್ಳು ಕೆಂಪು ಗೆರೆ ದಾಟಿತು. ಲಾರೆನ್ಸ್ ಹಿಡಿಕೆಗೆ ಕೈ ಹಾಕಿದ.

"ಅಣ್ಣ, ಬೇಡ! ಇನ್ನು ಏಳೇ ಪುಟ."

"ಜನ ಸಾಯ್ತಿದ್ದಾರೆ ಅಮ್ಮು! ಕಣ್ಣು ಕಾಣಲ್ವಾ ನಿಂಗೆ?"

"ಈಗ ನಿಲ್ಲಿಸಿದರೆ ಎಲ್ಲರೂ ಸಾಯ್ತಾರೆ!"

"ನಿಂಗೆ ಗೊತ್ತಾ? ಆಣೆ ಮಾಡಿ ಹೇಳು, ಗೊತ್ತಾ?"

ಅವಳಿಗೆ ಗೊತ್ತಿರಲಿಲ್ಲ. ಆರರಲ್ಲಿ ಐದು, ಅಷ್ಟೇ ಗೊತ್ತಿತ್ತು. ನಿವೇದಿತಾ "ನಿಲ್ಲಿಸಿ" ಎಂದರು. ಲಾರೆನ್ಸ್ ಹಿಡಿಕೆಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಎಳೆಯತೊಡಗಿದ. ಇನ್ನೂ ಸವೆಯದ ಹೊಸ ಹಿಡಿಕೆ ಬಿಗಿಯಾಗಿತ್ತು. ಕಾಲು ಭಾಗ ಇಳಿಯಿತು.

ಮೇಜಿನ ಮೇಲೆ ಕಲ್ಲು ಒಡೆದು ನೋಡುವ ಸುತ್ತಿಗೆಯಿತ್ತು. ಅಮಲಾ ಅದನ್ನು ತೆಗೆದುಕೊಂಡು ಅಣ್ಣನ ಬಲಗೈಯ ಮೇಲೆ ಹೊಡೆದಳು. ಎಲುಬು ಮುರಿದ ಸದ್ದು ಅವಳಿಗೆ ಸ್ಪಷ್ಟವಾಗಿ ಕೇಳಿತು. ಅವನು ಕಿರುಚಿದ, ಬಿಡಲಿಲ್ಲ. ಅವಳು ಮತ್ತೆ ಹೊಡೆದಳು, ಈ ಬಾರಿ ಬೆರಳುಗಳ ಮೇಲೆ. ಚರ್ಮ ಬಿರಿದು ಬಿಳಿಯದೇನೋ ಕಂಡಿತು. ಅವನು ಅವಳ ಮುಖವನ್ನೇ ನೋಡುತ್ತ ಎಡಗೈಯ ಹಿಡಿತ ಬಿಗಿಮಾಡಿದ. ಮೂರನೆಯ ಏಟನ್ನು ಅವಳು ಆ ಎಡಗೈಯ ಮಣಿಕಟ್ಟಿಗೆ, ತನ್ನ ಮೈಯ ಭಾರವನ್ನೆಲ್ಲ ಹಾಕಿ ಕೊಟ್ಟಳು. ಅವನು ನೆಲಕ್ಕೆ ಕುಸಿದ.

ಅಮಲಾ ಹಿಡಿಕೆಯನ್ನು ಮೇಲಕ್ಕೆ ದೂಡಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು. ಸುತ್ತಿಗೆಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. "ಯಾರೂ ಹತ್ತಿರ ಬರಬೇಡಿ. ಮೇಡಂ, ನೀವೂ ಅಷ್ಟೇ," ಎಂದಳು.  ಯಾರೂ ಬರಲಿಲ್ಲ. ಖಾಸಿಂ ಅಳುತ್ತಲೇ ಪುಟದ ಸಂಖ್ಯೆ ಹೇಳುತ್ತ ಹೋದ. ಹನ್ನೆರಡು. ಹದಿಮೂರು. ಇಗರ್ಜಿಯ ಗೋಪುರ ಗಂಟೆಯ ಸಮೇತ ಉರುಳಿತು. ಹದಿನಾಲ್ಕು. ಹದಿನೈದರಲ್ಲಿ ಮುಳ್ಳು ಇಳಿಯಿತು. ಹದಿನಾರರಲ್ಲಿ ಬಂಡೆಯ ಟಿಕ್ಕುಗಳು ವಿರಳವಾದವು. ಹದಿನೇಳನೆಯ ಪುಟದಲ್ಲಿ ಚೌರಪ್ಪನವರು ಬರೆದಿದ್ದದ್ದು ದೂರದೂರದ ಒಂಟಿ ಬಡಿತಗಳು. ಒಂದೊಂದಕ್ಕೂ ಬಂಡೆ ಒಂದೊಂದು ಉತ್ತರ ಕೊಟ್ಟಿತು. ಕೊನೆಯ ಮೂರಕ್ಕೆ ಕೊಡಲಿಲ್ಲ.

ಏಳನೇ ಕಂಬ ಹನ್ನೊಂದು ಅಂಗುಲ ಕುಸಿದು ಗಟ್ಟಿಯಾಗಿ ಕೂತಿತ್ತು. ಅದರೊಂದಿಗೆ ಊರೂ ಹನ್ನೊಂದು ಅಂಗುಲ ಇಳಿದಿತ್ತು.

ಸತ್ತವರು ಒಂಬತ್ತು ಜನ. ಅದರಲ್ಲಿ ಆರು ಸಾವು ಲಾರೆನ್ಸ್ ಹಿಡಿಕೆಗೆ ಕೈ ಹಾಕಿದ ಮೇಲಿನವು. ಕ್ಯಾಮೆರಾದ ಚಿತ್ರಗಳನ್ನು ನಿಮಿಷ ನಿಮಿಷಕ್ಕೂ ನಿಲ್ಲಿಸಿ ಅಮಲಾ ತಾನೇ ಎಣಿಸಿದಳು. ಪಾಪಣ್ಣನೂ ಆ ಆರು ಜನರಲ್ಲಿದ್ದ. ಶಿಬಿರದಿಂದ ತಪ್ಪಿಸಿಕೊಂಡು ಬಂದು, ಹಳೆಯ ಬ್ಯಾಂಡು ಮನೆಯ ನೆಲಕ್ಕೆ ಎದೆ ಕೊಟ್ಟು ಮಲಗಿದ್ದಾಗ ಚಾವಣಿ ಬಿದ್ದಿತ್ತು. ಎಷ್ಟು ಪುಟದವರೆಗೆ ಕೇಳಿದನೋ ಯಾರಿಗೂ ತಿಳಿಯಲಿಲ್ಲ. ವಿಚಾರಣಾ ಸಮಿತಿ ಎರಡು ತಿಂಗಳು ಕೂತು, 'ಮಧ್ಯದಲ್ಲಿ ನಿಲ್ಲಿಸಿದ್ದರೆ ಏನಾಗುತ್ತಿತ್ತೆಂದು ಖಚಿತವಾಗಿ ಹೇಳಲಾಗದು' ಎಂದು ಬರೆಯಿತು. ಪೊಲೀಸರು ಅಮಲಾಳ ಮೇಲೆ ಹಲ್ಲೆಯ ಮೊಕದ್ದಮೆ ಹಾಕಿದರು. ಅವಳು ಅದನ್ನು ಅಲ್ಲಗಳೆಯಲಿಲ್ಲ.

ಆದರೆ ಇದೆಲ್ಲ ಆಮೇಲಿನದು. ಆ ಗುರುವಾರ ಕಳೆದು ನಾಲ್ಕನೆಯ ದಿನ ಅವಳು ಆಸ್ಪತ್ರೆಗೆ ಹೋದಳು. ಲಾರೆನ್ಸನ ಎರಡೂ ಕೈ ಮೊಣಕೈವರೆಗೆ ಸುಣ್ಣದ ಪಟ್ಟಿಯಲ್ಲಿದ್ದವು. ಬಲಗೈಯ ಎರಡು ಬೆರಳು ತೆಗೆದಿದ್ದರು. ಇನ್ನು ವೆಲ್ಡಿಂಗ್ ಆಗದು ಎಂದು ಡಾಕ್ಟರು ಹೇಳಿದ್ದು ಅವನಿಗೂ ತಿಳಿದಿತ್ತು. ಅವನು ಗೋಡೆಯ ಕಡೆ ನೋಡುತ್ತಿದ್ದ. ಅವಳು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಳು.

ಇತ್ತ ತಿರುಗದೆಯೇ ಅವನು ಕೇಳಿದ: "ನಾಲ್ಕನೇ ಏಟೂ ಹೊಡೀತಿದ್ಯಾ?"

"ಹೊಡೀತಿದ್ದೆ."

"ತಲೆಗೆ?"

ಅವಳು ತಡಮಾಡಲಿಲ್ಲ. "ಬೇಕಾಗಿದ್ರೆ ತಲೆಗೆ."

ವಾರ್ಡಿನ ಆ ತುದಿಯಲ್ಲಿ ಯಾರೋ ಕೆಮ್ಮಿದರು. ಆಯಾ ತಟ್ಟೆಯಲ್ಲಿ ಅನ್ನ, ಸಾರು ತಂದಿಟ್ಟು ಹೋದಳು. ಲಾರೆನ್ಸ್ ಈಗ ತಲೆ ತಿರುಗಿಸಿ ತಂಗಿಯನ್ನು ನೋಡಿದ. ಅವನ ಕಣ್ಣಲ್ಲಿ ಸಿಟ್ಟು ಹಾಗೇ ಇತ್ತು. ಅದು ಅಲ್ಲಿಂದ ಹೋಗುವಂಥದ್ದಲ್ಲ ಎಂದು ಅವಳಿಗೆ ಗೊತ್ತಾಯಿತು.

"ಕಲಸು," ಎಂದ ಅವನು. "ಬೆಳಗ್ಗಿಂದ ಏನೂ ತಿಂದಿಲ್ಲ."

ಅಮಲಾ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಅನ್ನವನ್ನು ಸಾರಿನಲ್ಲಿ ಮೆತ್ತಗೆ ಕಲಸಿ, ಮೊದಲ ತುತ್ತನ್ನು ಅವನ ಬಾಯಿಯ ಹತ್ತಿರ ಹಿಡಿದಳು. ಅವನು ಸ್ವಲ್ಪ ಹೊತ್ತು ಬಾಯಿ ತೆರೆಯಲಿಲ್ಲ. ಅವಳು ಕೈ ಹಿಂದಕ್ಕೆ ತೆಗೆಯದೆ ಕಾದಳು. ಆಮೇಲೆ ಅವನು ತೆರೆದ.